ಮುನ್ಸೀಫರ ಮನೆಯ ಹಿತ್ತಲು

೧೬ ಜನವರಿ ೧೯೭೬, ಶುಕ್ರವಾರ

ಎಳ್ಳು ಬೀರುವುದಕ್ಕೂ ಕಾನೂನು ಇದೆ ಅಂತ ನಿನ್ನೆ ಗೊತ್ತಾಯಿತು.

ಕಡೂರಿಗೆ ಬಂದ ಮೇಲೆ ಒಬ್ಬರ ಮನೆಯೊಳಗೂ ಕಾಲಿಟ್ಟಿಲ್ಲ. ಮುನ್ಸೀಫರ ಹೆಂಡತಿ ಅಂದರೆ ಮಡಿ ಉಟ್ಟವಳ ಹಾಗೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವಂತಿಲ್ಲ. ಹಬ್ಬಕ್ಕಾದರೂ ನಾಲ್ಕು ಜನ ಹೆಂಗಸರು ಬರುತ್ತಾರೆ ಅಂತ ಒಳ್ಳೆ ಸೀರೆ ಉಟ್ಟು ಕಾದಿದ್ದೆ. ಬಂದರು. ಎಳ್ಳು, ಕಬ್ಬಿನ ತುಂಡು, ಸಕ್ಕರೆ ಅಚ್ಚು, ಎಲ್ಲರ ಮನೆಯಲ್ಲೂ ಇರುವುದನ್ನೇ ಕೊಟ್ಟು ಹೋದರು. ಮಂಡಿ ಬಸವರಾಜಪ್ಪನವರ ಹೆಂಡತಿ ಜಯಲಕ್ಷ್ಮಮ್ಮ ಮಾತ್ರ ಎಳ್ಳಿನ ತಟ್ಟೆಯಲ್ಲಿ ಒಂದು ರೇಷ್ಮೆ ರವಿಕೆ ಬಟ್ಟೆಯನ್ನೂ ಇಟ್ಟಿದ್ದರು. ನವಿಲು ಬಣ್ಣ. ನನಗೆ ಬಹಳ ಹಿಡಿಸಿತು.

ಇವರು ಕೋಣೆಯಿಂದ ಎದ್ದು ಬಂದು, "ಇದು ಯಾರದು?" ಅಂದರು. ಹೇಳಿದೆ. "ಅವರ ಅಂಗಡಿ ಜಾಗದ ದಾವೆ ನನ್ನ ಮುಂದೆ ಇದೆ" ಅಂದರು. ಕೋರ್ಟಿನ ಜವಾನ ಬೀರಯ್ಯನ ಕೈಯಲ್ಲಿ ಬಟ್ಟೆ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. "ಎಳ್ಳು ತಿನ್ನಬಹುದೋ, ಅದಕ್ಕೂ ಹೈಕೋರ್ಟನ್ನ ಕೇಳಬೇಕೋ?" ಅಂದೆ. "ತಿನ್ನಬಹುದು" ಅಂದರು, ತೀರ್ಪು ಓದುವ ದನಿಯಲ್ಲೇ. ಈ ಮನುಷ್ಯನಿಗೆ ತಮಾಷೆ ಹತ್ತುವುದೇ ಇಲ್ಲ.

೮ ಫೆಬ್ರವರಿ, ಭಾನುವಾರ

ಬೆಳಗಿನ ಪ್ಯಾಸೆಂಜರಿಗೆ ಅಜ್ಜಂಪುರಕ್ಕೆ ಹೋಗಿ ಸಂಜೆ ಬಂದೆ. ಇದೊಂದಕ್ಕೋಸ್ಕರ ಈ ಊರನ್ನ ಸಹಿಸಿಕೊಂಡಿದ್ದೇನೆ. ಇಷ್ಟು ವರ್ಷ ಎಲ್ಲೆಲ್ಲೋ ತಿರುಗಿದೆವು, ತವರುಮನೆಗೆ ವರ್ಷಕ್ಕೊಂದು ಸಲ ಹೋದರೆ ಹೆಚ್ಚು. ಈಗ ಅವ್ವನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿರುವಾಗ ದೇವರೇ ಕಡೂರಿಗೆ ಹಾಕಿಸಿದ.

ಅವ್ವ ಅತ್ತಿಗೆ ಕೈಯಲ್ಲಿ ನಾಲ್ಕು ತುತ್ತು ತಿಂದರೆ ಸಾಕು, ಮುಖ ತಿರುಗಿಸುತ್ತಾಳೆ. ನನ್ನ ಕೈಯಲ್ಲಿ ಬಟ್ಟಲು ಖಾಲಿ ಮಾಡುತ್ತಾಳೆ. ಅತ್ತಿಗೆ ಮಲ್ಲಿಕಾಂಬ ಪಾಪ, ಏನೂ ಅಂದುಕೊಳ್ಳುವುದಿಲ್ಲ. "ಪಂಕಜಾ, ನೀನು ವಾರಕ್ಕೊಂದು ಸಲ ಬಂದ್ರೆ ಇವರು ಇನ್ನೂ ಹತ್ತು ವರ್ಷ ಇರ್ತಾರೆ ಕಣೇ" ಅಂದಳು.

ಅಣ್ಣ ಶಿವಮೂರ್ತಪ್ಪ ತನ್ನ ಈರುಳ್ಳಿ ಮಂಡಿಗೆ ಬಂದವರಿಗೆಲ್ಲ "ನಮ್ಮ ಭಾವ ಕಡೂರಲ್ಲಿ ಜಡ್ಜು" ಅಂತ ಹೇಳಿಕೊಂಡು ಮೀಸೆ ತಿರುವುತ್ತಾನೆ. ಕೇಳಿ ನನಗೂ ಖುಷಿಯಾಯಿತು. ಇವರಿಗೆ ಹೇಳಲಿಲ್ಲ.

೨೦ ಫೆಬ್ರವರಿ, ಶುಕ್ರವಾರ

ಬಸವರಾಜಪ್ಪನವರ ದಾವೆ ತರೀಕೆರೆ ಕೋರ್ಟಿಗೆ ಹೋಯಿತಂತೆ. ಕಕ್ಷಿದಾರರು ಮನೆತನಕ ಬಂದು ಉಡುಗೊರೆ ಇಟ್ಟಿದ್ದಾರೆ, ಇನ್ನು ನಾನು ಇದನ್ನು ನೋಡುವುದು ಸರಿಯಲ್ಲ ಅಂತ ಇವರೇ ಜಿಲ್ಲಾ ಜಡ್ಜರಿಗೆ ಬರೆದಿದ್ದರಂತೆ. ಅಲ್ಲಿ ಮತ್ತೆ ಮೊದಲಿಂದ ಶುರು. ಒಂದು ಗೇಣು ಬಟ್ಟೆಗೆ ಇಷ್ಟು ರಾದ್ಧಾಂತ.

ಜಯಲಕ್ಷ್ಮಮ್ಮ ಪೇಟೆಯಲ್ಲಿ ಸಿಕ್ಕಿ, "ನಮ್ಮೋರನ್ನ ತರೀಕೆರೆಗೆ ಅಲೆಯೋ ಹಾಗೆ ಮಾಡಿದ್ರಲ್ಲ" ಅಂದರು. ನಾನೇನು ಹೇಳಲಿ? ಮನೆಗೆ ಬಂದು, "ನೀವು ಆ ಬಟ್ಟೆ ನೋಡದೇ ಇದ್ದಿದ್ದರೆ?" ಅಂತ ಕೇಳಿದೆ. "ನೋಡದೇ ಇದ್ದಿದ್ದರೆ ಗೊತ್ತಾಗ್ತಿರಲಿಲ್ಲ. ಗೊತ್ತಾದ ಮೇಲೆ ಬೇರೆ ದಾರಿಯಿಲ್ಲ" ಅಂದರು.

೨೮ ಜೂನ್, ಸೋಮವಾರ

ಎಮರ್ಜೆನ್ಸಿ ಬಂದು ವರ್ಷವಾಯಿತು. ರೈಲು ಸರಿಯಾದ ಹೊತ್ತಿಗೆ ಬರುತ್ತದೆ, ನನಗೆ ಅಷ್ಟೇ ಬೇಕು.

ಇವರು ಮಾತ್ರ ಪೇಪರು ಓದಿ ಮಡಿಸಿಟ್ಟು ತೊಂಡೆ ಬಳ್ಳಿಗೆ ನೀರು ಹಾಕಲು ಹೋಗುತ್ತಾರೆ. ಆ ಬಳ್ಳಿ ನೀರು ಕುಡಿದೂ ಕುಡಿದೂ ಹಳದಿಗಟ್ಟಿದೆ. ಸರ್ಕಾರ ಯಾರನ್ನಾದರೂ ಹಿಡಿದು ಒಳಗೆ ಹಾಕಿದರೆ ಯಾಕೆ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ ಅಂತ ದೆಹಲಿಯ ದೊಡ್ಡ ಕೋರ್ಟೇ ಹೇಳಿಬಿಟ್ಟಿದೆಯಂತೆ. ಈಗ ಹೈಕೋರ್ಟುಗಳ ಜಡ್ಜುಗಳನ್ನೇ ಒಂದು ರಾಜ್ಯದಿಂದ ಎತ್ತಿ ಇನ್ನೊಂದು ರಾಜ್ಯಕ್ಕೆ ಹಾಕುತ್ತಿದ್ದಾರಂತೆ. ನಮಗೇಕೆ ಅದೆಲ್ಲ, ನಾವು ಕಡೂರಿನವರು ಅಂದೆ. ಇವರು ಬಳ್ಳಿಗೆ ಇನ್ನೊಂದು ಚೊಂಬು ಹಾಕಿದರು.

೧೪ ಸೆಪ್ಟೆಂಬರ್, ಮಂಗಳವಾರ

ಇವರು ಕೋರ್ಟಿನ ಮಾತು ಮನೆಗೆ ತರುವುದಿಲ್ಲ. ಬೀರಯ್ಯ ತರಕಾರಿ ಜೊತೆಗೆ ಅದನ್ನೂ ತರುತ್ತಾನೆ.

"ಸಿಂಗಟಗೆರೆ ದೊಡ್ಡಬೀರಪ್ಪ ಅಂತ ಅಮ್ಮಾವ್ರೇ, ಕುರಿ ಸಾಕೋನು. ಸಂತೇಲಿ ಕುರಿ ಮಾರ್ತಾ ನಿಂತಿದ್ದ. ಮಕ್ಳಾಗ್ದಂಗೆ ಮಾಡೋ ಆಪರೇಷನ್ ಕ್ಯಾಂಪಿಗೆ ಗಂಡಸರನ್ನ ಹಿಡಿಯಾಕೆ ಜೀಪು ಬಂದೈತೆ. ಇವನು ಸುಮ್ಕಿರದು ಬಿಟ್ಟು, ಕುರಿ ಕೊಳ್ಳೋಕೆ ಬಂದೋನೂ ಒಂದು ಮಾತು ಕೇಳ್ತಾನೆ, ಇವ್ರು ಅದೂ ಕೇಳದೆ ಹಿಡ್ಕೊಂಡು ಹೋಯ್ತಾರಲ್ಲ ಅಂದ್ಬಿಟ್ಟ. ಸಂತೆಗೆ ಸಂತೇನೇ ನಕ್ಬಿಡ್ತು. ನಕ್ಕಿದ್ದೇ ಕೆಟ್ಟಿದ್ದು."

ನನಗೂ ನಗು ಬಂತು. ಅಷ್ಟಕ್ಕೆ ಅವನ ಮೇಲೆ ದೇಶದ ರಕ್ಷಣೆಯ ಕಾಯಿದೆ ಹಾಕಿದ್ದಾರಂತೆ. ಅದರಲ್ಲಿ ಬೇಲು ಸಿಗುವುದು ಕಷ್ಟ, ವಿಚಾರಣೆ ಮುಗಿಯುವ ತನಕ ಒಳಗೇ ಇರಬೇಕು. "ಆಮೇಲೆ?" ಅಂದೆ. "ಆಮೇಲಿಂದು ನಮ್ ಸಾಹೇಬ್ರ ಕೈಲೈತೆ" ಅಂದ. ರಾತ್ರಿ ಇವರು ಒಂದು ಮುದ್ದೆ ತಿನ್ನುವವರು ಅರ್ಧಕ್ಕೇ ಕೈ ತೊಳೆದರು.

೧೯ ಸೆಪ್ಟೆಂಬರ್, ಭಾನುವಾರ

ಅಜ್ಜಂಪುರ. ಅವ್ವ ಇವತ್ತು ನನ್ನ ಹೆಸರನ್ನ ಪೂರ್ತಿ ಹೇಳಿದಳು. ಇಷ್ಟು ದಿನ 'ಪಂಕ' ಅಂತ ಅಷ್ಟಕ್ಕೇ ನಿಲ್ಲುತ್ತಿತ್ತು. ಅತ್ತಿಗೆಯೂ ನಾನೂ ಕಣ್ಣು ಒರೆಸಿಕೊಂಡೆವು.

ಅಣ್ಣ ನನ್ನನ್ನ ಸ್ಟೇಷನ್ನಿಗೆ ಬಿಡಲು ಬಂದ. ಯಾವತ್ತೂ ಬರುವವನಲ್ಲ. "ಆ ಸಿಂಗಟಗೆರೆಯೋನ ಕೇಸು ಭಾವನ ಮುಂದೆ ಇದ್ಯಂತೆ?" ಅಂದ.

"ನನಗೇನು ಗೊತ್ತು ಅಣ್ಣ."

"ಗೊತ್ತಿಲ್ದೆ ಇದ್ರೆ ಈಗ ತಿಳ್ಕೋ. ಮೇಲಿನೋರು ಅದರ ಮೇಲೆ ಕಣ್ಣಿಟ್ಟಿದಾರೆ. ನನ್ನನ್ನ ಕರೆಸಿ ಹೇಳಿದಾರೆ. ಒಂದಾರು ತಿಂಗಳು ಹಾಕಿದ್ರೆ ಅವನೇನು ಸತ್ತು ಹೋಗಲ್ಲ. ಬಿಟ್ಟುಗಿಟ್ಟ್ರೆ ಭಾವ ಕಡೂರಲ್ಲಿ ಇರಲ್ಲ. ಬೀದರ್ ಕಡೆ ಎಲ್ಲೋ ಒಗೀತಾರೆ. ಆಮೇಲೆ ಅವ್ವನಿಗೆ ಯಾರು ಉಣ್ಣಿಸ್ತಾರೆ?"

ರೈಲಿನಲ್ಲಿ ಕೂತು ಯೋಚನೆ ಮಾಡಿದೆ. ಅಣ್ಣ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಬಾಯಿ ಬಿಗಿಹಿಡಿದುಕೊಂಡು ಕುರಿ ಮಾರಿಕೊಂಡು ಹೋಗಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು?

೨೪ ಅಕ್ಟೋಬರ್, ಭಾನುವಾರ

ದೀಪಾವಳಿಗೆ ಕರೆಯುವ ನೆಪದಲ್ಲಿ ಅಣ್ಣ ಬಂದ. ಹಬ್ಬ ಆಗಲೇ ಮುಗಿಯುತ್ತಾ ಬಂದಿದೆ.

"ಭಾವ, ನಾನು ಕೇಸಿನ ಮಾತಾಡಲ್ಲ" ಅಂತ ಶುರು ಮಾಡಿದ.

"ಸಂತೋಷ" ಅಂದರು ಇವರು.

"ಆದ್ರೂ ಒಂದೇ ಒಂದು ಮಾತು."

"ಅದೇ ಕೇಸಿನ ಮಾತು. ಕಾಫಿ ಕುಡೀರಿ."

ಅಣ್ಣ ಕಾಫಿ ಕುಡಿದ. ಕುಡಿದು, ವರ್ಗದ ವಿಷಯ ಎತ್ತಿದ. "ಮುನ್ಸೀಫರನ್ನ ವರ್ಗ ಮಾಡೋದು ಹೈಕೋರ್ಟು, ಮಂತ್ರಿಗಳಲ್ಲ" ಅಂದರು ಇವರು. "ಹೈಕೋರ್ಟಿನೋರನ್ನೇ ಎತ್ತಿ ಎತ್ತಿ ಹಾಕ್ತಿದಾರಲ್ಲ ಭಾವ. ಅವರನ್ನ ಕಾಯೋರು ಯಾರು?" ಅಂದ.

ಇವರು ತಿರುಗಿ ಕೇಳಿದರು, "ನಾಳೆ ಯಾವನೋ ಬಂದು ನಿಮ್ಮ ಮಂಡಿಗೆ ಬೀಗ ಜಡಿದ್ರೆ ಎಲ್ಲಿಗೆ ಹೋಗ್ತೀರಿ?"

"ಇನ್ನೆಲ್ಲಿಗೆ, ಕೋರ್ಟಿಗೆ."

"ಅಲ್ಲಿ ಕೂತಿರೋನು ಮಂತ್ರಿ ಮುಖ ನೋಡ್ಕೊಂಡು ತೀರ್ಪು ಬರೀತಾನೆ ಅಂತ ಗೊತ್ತಿದ್ರೂ ಹೋಗ್ತೀರಾ?"

ಅಣ್ಣನಿಗೆ ಸಿಟ್ಟು ಬಂತು. ನನಗೂ ಬಂತು. ಅವನು ಹೋದ ಮೇಲೆ, "ನಿಮ್ಮ ಕೋರ್ಟು ನಿಮಗೆ ದೊಡ್ಡದು. ನನ್ನ ಅವ್ವ?" ಅಂತ ಕೇಳೇಬಿಟ್ಟೆ. ಇವರು ನನ್ನ ಮುಖ ನೋಡಿ, "ಅದನ್ನ ನಾನು ಲೆಕ್ಕಕ್ಕೆ ಇಟ್ಕೊಂಡಿಲ್ಲ ಅಂದ್ಕೊಂಡ್ಯಾ ಪಂಕಜಾ?" ಅಂದರು. ಲೆಕ್ಕಕ್ಕೆ ಇಟ್ಟುಕೊಂಡು ಏನು ಬಂತು, ಅದನ್ನ ಹೇಳಲಿಲ್ಲ. ಅಲ್ಲಿಂದ ಇವರ ಜೊತೆ ಮಾತು ಬಿಟ್ಟಿದ್ದೇನೆ.

೨೯ ಅಕ್ಟೋಬರ್, ಶುಕ್ರವಾರ

ಮಾತಾಡಿದೆ. ಮೊಸರು ಬೇಕಾ ಅಂತ ಕೇಳಲೇಬೇಕಾಯಿತು.

೧೧ ನವೆಂಬರ್, ಗುರುವಾರ

ಮಧ್ಯಾಹ್ನ ಹಿತ್ತಲಲ್ಲಿ ಸಂಡಿಗೆ ತಿರುವಿ ಹಾಕುತ್ತಿದ್ದೆ. ಬೇಲಿ ಗೇಟು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಒಂದು ಕುರಿಮರಿ. ಏನು ಎತ್ತ ಅಂತ ಕೇಳುವಷ್ಟರಲ್ಲಿ ಅದನ್ನ ನುಗ್ಗೆ ಮರಕ್ಕೆ ಕಟ್ಟಿದಳು.

"ಏನಮ್ಮಾ ಇದು?"

"ದೊಡ್ಡೋರ ಮನೆಗೆ ಬರಿಗೈಲಿ ಬರಬಾರ್ದಲ್ಲ ತಾಯಿ."

"ನಾವು ತಿನ್ನೋರಲ್ಲಮ್ಮ."

"ತಿನ್ನಬ್ಯಾಡಿ. ಸಾಕ್ಕಳಿ."

ಹೆಸರು ಹಾಲಮ್ಮ, ಸಿಂಗಟಗೆರೆ ದೊಡ್ಡಬೀರಪ್ಪನ ಹೆಂಡತಿ. ಬರುವ ವಾರ ತೀರ್ಪಂತೆ. ಗೌಡರ ಹತ್ತಿರ ನ್ಯಾಯಕ್ಕೆ ಹೋದರೂ, ಗುರುಗಳ ಹತ್ತಿರ ಹೋದರೂ, ಮಂದೆಯಲ್ಲಿ ಚೆನ್ನಾಗಿರುವ ಒಂದು ಮರಿ ಒಯ್ಯುವುದು ಅವರ ಪದ್ಧತಿ. ಒಯ್ಯದೆ ಹೋದರೆ ಹಿರಿಯರಿಗೆ ಮರ್ಯಾದೆ ಕೊಡಲಿಲ್ಲ ಅಂತ. "ಸಾಮಿಗಳಿಗೆ ಹೇಳವ್ವಾ, ನಮ್ಮೋನು ತಮಾಸೆಗೆ ಅಂದಿದ್ದು. ಮಂದೆ ಹಿಂದೆ ಹೋಗಾಕೆ ಯಾರೂ ಇಲ್ಲ. ನಾನೊಬ್ಳೇ" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದು, ಬಸ್ಸು ತಪ್ಪುತ್ತೆ ಅಂತ ಹೊರಟುಹೋದಳು.

ನಾನು ಜಗಲಿ ಮೇಲೆ ಕೂತೆ. ಸಂಜೆ ಇವರು ಬರುತ್ತಾರೆ, ಕೈಕಾಲು ತೊಳೆಯಲು ಹಿತ್ತಲಿಗೆ ಬರುತ್ತಾರೆ. ಮರಿ ನೋಡುತ್ತಾರೆ. ಯಾರದು ಅಂತ ಕೇಳುತ್ತಾರೆ. ನಾನು ಹೇಳುತ್ತೇನೆ. ಗೊತ್ತಾದ ಮೇಲೆ ಇವರಿಗೆ ಬೇರೆ ದಾರಿಯಿಲ್ಲ, ಮಂಡಿ ಬಸವರಾಜಪ್ಪನವರ ದಾವೆ ಹೋದ ಹಾಗೆ ಈ ಕೇಸೂ ತರೀಕೆರೆಗೆ ಹೋಗುತ್ತದೆ. ಇವರು ಬಿಟ್ಟರು ಅಂತಲೂ ಇಲ್ಲ, ಹಾಕಿದರು ಅಂತಲೂ ಇಲ್ಲ. ಯಾರೂ ಇವರನ್ನ ಬೀದರಿಗೆ ಒಗೆಯುವುದಿಲ್ಲ. ಪ್ರತಿ ಭಾನುವಾರ ಅವ್ವನ ಬಟ್ಟಲು ಖಾಲಿಯಾಗುತ್ತದೆ. ಆ ಕುರಿಯವನು ಇನ್ನೊಂದಷ್ಟು ತಿಂಗಳು ಒಳಗಿರುತ್ತಾನೆ, ಅಲ್ಲಿ ಯಾರು ಕೂತಿದ್ದಾರೋ ಅವರು ನೋಡಿಕೊಳ್ಳುತ್ತಾರೆ. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಸಂಡಿಗೆ ತಿರುವಿಕೊಂಡಿದ್ದರೆ ಆಗುತ್ತಿತ್ತು.

ಆದರೆ ಆ ಮರಿ ಒಂದೇ ಸಮ ಅರಚುತ್ತಿತ್ತು. ತಲೆ ಚಿಟ್ಟು ಹಿಡಿದುಹೋಯಿತು. ಸಂಡಿಗೆಗೆ ಬೇರೆ ಬಾಯಿ ಹಾಕಿತು. ವಾಸನೆಯೂ ಹೇಳತೀರದು. ಇದನ್ನ ಇಟ್ಟುಕೊಂಡು ಸಂಜೆ ತನಕ ಕೂರುವುದು ಯಾರ ಕೈಲಿ ಆಗುತ್ತೆ ಅಂತ ಹಗ್ಗ ಬಿಚ್ಚಿದೆ. ಬೀರಯ್ಯ ಕೋರ್ಟಿನಲ್ಲಿದ್ದ. ನಾನೇ ಎಳೆದುಕೊಂಡು ಹೋದೆ. ಮನೆಯ ಹಳೇ ಸೀರೆಯಲ್ಲಿ, ಪೇಟೆ ಬೀದಿಯಲ್ಲಿ, ಮುನ್ಸೀಫರ ಹೆಂಡತಿ ಕುರಿಮರಿ ಹಿಡಿದುಕೊಂಡು. ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ. ಮರಿ ಅರ್ಧ ದಾರಿಗೆ ಕಾಲು ಊರಿ ನಿಂತುಬಿಟ್ಟಿತು, ಆಮೇಲೆ ಎತ್ತಿಕೊಂಡೇ ಹೋದೆ.

ಹಾಲಮ್ಮ ಬಸ್ ಸ್ಟಾಂಡಿನಲ್ಲಿ ಇನ್ನೂ ಕೂತಿದ್ದಳು. ಮರಿಯನ್ನ ಅವಳ ಮಡಿಲಿಗೆ ಇಟ್ಟೆ. ಅವಳ ಮುಖ ಬಾಡಿಹೋಯಿತು.

"ಬ್ಯಾಡ ಅಂದ್ಬಿಟ್ರಾ? ಹಂಗಾರೆ ಬಿಡಾಕಿಲ್ಲ ಅನ್ನು."

"ಹಾಗಲ್ಲ ಕಣಮ್ಮ."

"ಮರಿ ತಿರುಗಿ ಬಂತು ಅಂದ್ರೆ ನಮ್ಮಲ್ಲಿ ಅದೇ ಅಲ್ವೇನವ್ವ."

ಹಾಗಲ್ಲ ಅಂತ ಇನ್ನೊಂದು ಸಲ ಹೇಳಿದೆ. ಇನ್ನೇನು ಹೇಳಲಿ? ಬಿಡುತ್ತಾರೆ ಅನ್ನುವಂತಿಲ್ಲ, ಬಿಡುವುದಿಲ್ಲ ಅನ್ನುವಂತಿಲ್ಲ. ನನಗೂ ಗೊತ್ತಿಲ್ಲ. "ನೀನು ಬಂದಿದ್ದು ಯಾರ ಹತ್ರಾನೂ ಬಾಯಿ ಬಿಡಬೇಡ, ನಾನು ಇಲ್ಲಿಗೆ ಬಂದಿದ್ದೂ ಅಷ್ಟೇ" ಅಂದೆ. ಅವಳು ಸೆರಗಲ್ಲಿ ಮೂಗು ಒರೆಸಿಕೊಂಡು ಅಳುತ್ತಲೇ ಬಸ್ಸು ಹತ್ತಿದಳು.

ಸಂಜೆ ಇವರು, "ಏನು ಕಾಲೆಲ್ಲ ಧೂಳು?" ಅಂದರು. ಸಂತೆಗೆ ಹೋಗಿದ್ದೆ ಅಂದೆ. ಇವತ್ತು ಸಂತೆ ಇರಲಿಲ್ಲ. ಇವರು ಚೊಂಬು ಹಿಡಿದು ಬಳ್ಳಿ ಹತ್ತಿರ ಹೋದರು.

೧೨ ನವೆಂಬರ್, ಶುಕ್ರವಾರ

ಸೊಂಟ ನೋವು. ಮರಿಯೇನು ಹಗುರ ಇರಲಿಲ್ಲ.

೧೯ ನವೆಂಬರ್, ಶುಕ್ರವಾರ

ದೊಡ್ಡಬೀರಪ್ಪನನ್ನ ಬಿಟ್ಟರು.

ಬೀರಯ್ಯ ಓಡಿಬಂದು ಹೇಳಿದ. ಸಂತೆಯಲ್ಲಿ ಒಬ್ಬ ಹೇಳಿದ ಕುರಿ ವ್ಯಾಪಾರದ ಮಾತಿನಿಂದ ದೇಶದ ರಕ್ಷಣೆಗೆ ಏನು ಧಕ್ಕೆಯಾಯಿತು ಅಂತ ಪೊಲೀಸರ ಕಡೆಯವರು ತೋರಿಸಿಲ್ಲ ಅಂತ ಇವರು ತೀರ್ಪಿನಲ್ಲಿ ಬರೆದಿದ್ದಾರಂತೆ. ಅಷ್ಟೇ. ಓದುವಾಗ ಕೋರ್ಟು ಹಾಲಿನಲ್ಲಿ ಒಂದು ಕೆಮ್ಮೂ ಇರಲಿಲ್ಲವಂತೆ. ಹೊರಗೆ ಜೀಪು ನಿಂತಿತ್ತಂತೆ, ಬೇರೆ ಕಾಯಿದೆಯಲ್ಲಿ ಮತ್ತೆ ಹಿಡಿಯಲು. ವಕೀಲರು ನಾಲ್ಕೈದು ಜನ ಕರೀ ಕೋಟಿನಲ್ಲೇ ಅವನ ಸುತ್ತ ಕೂಡಿಕೊಂಡು ಬಸ್ ಸ್ಟಾಂಡಿನ ತನಕ ನಡೆದರಂತೆ. ಜೀಪು ಹಿಂದೆ ಹಿಂದೆ ಬಂದು ಆಮೇಲೆ ಎಲ್ಲೋ ತಿರುಗಿಕೊಂಡಿತಂತೆ. "ಹಾಲಮ್ಮ ಅಂಬೋಳು ನಗ್ತಿದ್ಲೋ ಅಳ್ತಿದ್ಲೋ ಗೊತ್ತಾಗ್ಲಿಲ್ಲ ಅಮ್ಮಾವ್ರೇ" ಅಂದ ಬೀರಯ್ಯ.

ರಾತ್ರಿ ಇವರು ಮುದ್ದೆ ತಿಂದು, ಅನ್ನ ಹಾಕಿಸಿಕೊಂಡು, ಮತ್ತೆ ಸಾರು ಕೇಳಿದರು. ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದ ಮನುಷ್ಯ. ನನಗೆ ಊಟ ಸೇರಲಿಲ್ಲ. ತಟ್ಟೆ ಎತ್ತಿಟ್ಟು ಪಾತ್ರೆ ತೊಳೆದೆ.

೮ ಡಿಸೆಂಬರ್, ಬುಧವಾರ

ಹುಮನಾಬಾದ್. ಬೀದರ್ ಜಿಲ್ಲೆ. ವರ್ಗದ ಆರ್ಡರಿನಲ್ಲಿ ಆಡಳಿತದ ಅನುಕೂಲಕ್ಕಾಗಿ ಅಂತ ಇದೆ. ಯಾರ ಅನುಕೂಲವೋ.

"ನೀನು ಅಜ್ಜಂಪುರದಲ್ಲಿ ಅಮ್ಮನ ಹತ್ತಿರ ಇರು. ನಾನು ಅಲ್ಲಿ ಹೇಗೋ ಮಾಡ್ಕೊಳ್ತೀನಿ" ಅಂದರು ಇವರು. ಅನ್ನಕ್ಕೆ ಎಸರು ಎಷ್ಟು ಇಡಬೇಕು ಅಂತ ಗೊತ್ತಿಲ್ಲದ ಗಂಡಸು ಇದು. ಆದರೂ ಅದೇ ಸರಿ ಅಂತ ಅನ್ನಿಸಿತು. ಬಟ್ಟೆಬರೆ ಬೇರೆ ಬೇರೆ ಮಾಡಿ ಎರಡು ಟ್ರಂಕಿಗೆ ತುಂಬಲು ಶುರು ಮಾಡಿದೆ.

೧೧ ಡಿಸೆಂಬರ್, ಶನಿವಾರ

ಅಣ್ಣ ಬಂದ. ಇವರು ಕೋರ್ಟಿಗೆ ಹೋಗಿದ್ದರು, ಅದನ್ನ ನೋಡಿಕೊಂಡೇ ಬಂದಿದ್ದ. ಒಂದು ಚೀಲ ಅವರೆಕಾಯಿ ತಂದಿದ್ದ, ಸೊನೆ ಘಮಘಮ ಅನ್ನುತ್ತಿತ್ತು.

ಆರ್ಡರು ನಿಲ್ಲಿಸಬಹುದಂತೆ. ಬೀರೂರಿನ ಕಾಲೇಜು ಹುಡುಗರ ಮೇಲೆ ಇನ್ನೊಂದು ಕೇಸಿದೆಯಂತೆ, ಕರಪತ್ರ ಹಂಚಿದ್ದು. "ಶಿಕ್ಷೆ ಹಾಕು ಅಂತ ಯಾರೂ ಹೇಳ್ತಿಲ್ಲ ಕಣೇ. ವಾಯಿದೆ ಹಾಕ್ತಾ ಹೋಗ್ಲಿ, ಅಷ್ಟೇ. ನೀನು ಒಂದು ಮಾತು ಹೇಳು. ನಾನು ಹೇಳಿದ್ರೆ ಭಾಷಣ ಮಾಡ್ತಾರೆ. ನಿನ್ನ ಮುಖ ನೋಡಿ ಕೇಳ್ತಾರೆ."

"ಕೇಳಿದ್ರೂ ಕೇಳಿಬಿಟ್ಟಾರು. ಅದಕ್ಕೇ ಹೇಳಲ್ಲ" ಅಂದೆ.

ಹಾಗಂದೆ ಅಷ್ಟೇ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ವಾದ ಬೆಳೆಸಲು ಇಷ್ಟವಿರಲಿಲ್ಲ.

ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಜಗಲಿ ಮೇಲೆ ಕುಸಿದು ಕೂತ. ಅವನ ಮಂಡಿಯ ಲೈಸೆನ್ಸ್ ತಡೆಹಿಡಿದಿದ್ದಾರಂತೆ, ದೀಪಾವಳಿ ಆದಮೇಲೆ ಒಂದು ಲಾರಿಯೂ ಹೊರಟಿಲ್ಲವಂತೆ. "ನಿನ್ನನ್ನ ಮನೇಲಿಟ್ಕೊಂಡ್ರೆ ನಾನೂ ಭಾವನ ಕಡೆಯೋನು ಅಂತಾಗುತ್ತೆ. ಅವ್ವನ್ನ ಒಂದು ಸಲ ನೋಡ್ಕೊಂಡು ಹೋಗು, ಬೇಡ ಅನ್ನಲ್ಲ. ಇರ್ತೀನಿ ಅನ್ನೋ ಮಾತು ಮಾತ್ರ ಎತ್ತಬ್ಯಾಡ ತಾಯಿ" ಅಂದ. ನನ್ನಣ್ಣ ನನ್ನನ್ನ ತಾಯಿ ಅಂದಿದ್ದು ಇದೇ ಮೊದಲು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಹೊರಟಾಗ ಅವರೆಕಾಯಿ ಚೀಲವನ್ನ ಅವನ ಕೈಗೇ ಕೊಟ್ಟೆ. "ಇದೂ ಬೇಡ್ವೇನೇ? ನಮ್ಮ ಹೊಲದ್ದು" ಅಂದ. ನಮ್ಮ ಮನೆ ಪದ್ಧತಿ ನಿನಗೆ ಗೊತ್ತಲ್ಲ ಅಣ್ಣ ಅಂದೆ.

ಇವರಿಗೆ ಅಣ್ಣ ಬಂದಿದ್ದ ವಿಷಯ ಹೇಳಲಿಲ್ಲ. ಅಜ್ಜಂಪುರದಲ್ಲಿ ಇರುವುದು ಬೇಡ ಅನ್ನಿಸಿತು, ನಿಮ್ಮ ಜೊತೆಗೇ ಬರುತ್ತೇನೆ ಅಂದೆ. ಬಟ್ಟೆಯನ್ನೆಲ್ಲ ಮತ್ತೆ ಒಂದೇ ಟ್ರಂಕಿಗೆ ಹಾಕಿದೆ.

೧೯ ಡಿಸೆಂಬರ್, ಭಾನುವಾರ

ನಾಳೆ ಲಾರಿ ಬರುತ್ತದೆ. ಇವತ್ತು ಅಜ್ಜಂಪುರಕ್ಕೆ ಹೋಗಿದ್ದೆ.

ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ನನ್ನನ್ನ ನೋಡಿದವಳೇ ಒಳಗೆ ಹೋಗಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅವ್ವನಿಗೆ ಯಾರೂ ಏನೂ ಹೇಳಿಲ್ಲ. ಮೆತ್ತಗೆ ಅನ್ನ ಕಲಸಿ, ತುಪ್ಪ ಹಾಕಿ ಉಣ್ಣಿಸಿದೆ. ಪೂರ್ತಿ ಉಂಡಳು. ತಲೆ ಬಾಚಿದೆ, ಸೀರೆ ಬದಲಾಯಿಸಿದೆ, ಉಗುರು ಕತ್ತರಿಸಿದೆ. ಮಾಡಲು ಇನ್ನೇನೂ ಉಳಿಯಲಿಲ್ಲ. ಆದರೂ ಕೂತಿದ್ದೆ.

ರೈಲಿನ ಹೊತ್ತಾಯಿತು ಅಂತ ಅತ್ತಿಗೆ ಬಾಗಿಲಿಗೆ ಬಂದು ನಿಂತಳು. ಎದ್ದೆ.

"ಯಾವಾಗ ಬತ್ತೀಯ?" ಅಂದಳು ಅವ್ವ. ಮಾತು ಈಗ ಸ್ಪಷ್ಟವಾಗಿದೆ.

"ಬರೋ ಭಾನುವಾರ ಬತ್ತೀನಿ ಕಣವ್ವ."

ಅವ್ವ ಚೆನ್ನಾಗಿರುವ ಎಡಗೈಯನ್ನ ಹೊದಿಕೆ ಮೇಲೆ ಇಟ್ಟುಕೊಂಡು ಸೋಮವಾರ, ಮಂಗಳವಾರ ಅಂತ ಒಂದೊಂದೇ ಬೆರಳು ಮಡಚಿದಳು. ಶುಕ್ರವಾರಕ್ಕೆ ಬೆರಳು ಮುಗಿದವು. ಬಲಗೈ ಏಳುವುದಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಎಳೆದುಕೊಂಡು, ಶನಿವಾರಕ್ಕೊಂದು, ಭಾನುವಾರಕ್ಕೊಂದು, ನನ್ನ ಎರಡು ಬೆರಳು ಮಡಚಿ ಹಿಡಿದುಕೊಂಡಳು.